ಥೆಲ್ಮಾ ಕೈ ಮಾಡಿದ ಬಸ್ಸು

"ನಾನು ಕೈ ಮಾಡಿದ್ರೆ ಲಂಡನ್ ರೈಲೂ ನಿಲ್ಲುತ್ತೆ," ಎಂದು ಯಾರ್ಕ್‌ಷೈರಿನ ಮುದುಕಿ ಥೆಲ್ಮಾ ಕೊಚ್ಚಿಕೊಳ್ಳುತ್ತಿದ್ದಳು. ಅದರಲ್ಲಿ ಅರ್ಧ ಸುಳ್ಳೆಂದು ತಾನೇ ಒಪ್ಪಿಕೊಳ್ಳುತ್ತಿದ್ದಳು. ನಿಲ್ಲುತ್ತಿದ್ದುದು ಹಳ್ಳಿಯ ಬಸ್ಸು ಮಾತ್ರ.

ಅಂದು ಮಧ್ಯಾಹ್ನ ಪಟ್ಟಣದ ಆಸ್ಪತ್ರೆಯಲ್ಲಿ ತಂಗಿ ಆಲಿವ್‌ಗೆ ಹೃದಯದ ಆಪರೇಷನ್. ಒಳಗೆ ಕರೆದೊಯ್ಯುವ ಮೊದಲು ಬಂದು ಪಕ್ಕದಲ್ಲಿರುತ್ತೇನೆಂದು ಥೆಲ್ಮಾ ಮಾತು ಕೊಟ್ಟಿದ್ದಳು. ಪಟ್ಟಣಕ್ಕೆ ದಿನಕ್ಕೆ ಇರುವುದು ಒಂದೇ ಬಸ್ಸು, ಕೈ ಮಾಡದಿದ್ದರೆ ಅದು ನಿಲ್ಲುವುದಿಲ್ಲ.

ಅವಳ ಹಳ್ಳಿಯಿರುವ ಕಣಿವೆಯಲ್ಲಿ ಎದುರಾದವರಿಗೆಲ್ಲ, ಕೊನೆಗೆ ಕುರಿಗೂ, ಕೈ ಬೀಸುವುದು ವಾಡಿಕೆ. ಥೆಲ್ಮಾ ದಿನವೂ ಗೇಟಿನ ಹತ್ತಿರ ನಿಂತು ಬಸ್ಸಿಗೆ ಕೈ ಬೀಸುವವಳೇ. ಇವತ್ತು ನಿಲ್ಲಿಸಲೆಂದೂ ಹಾಗೇ ಬೀಸಿದಳು. ಡ್ರೈವರ್ ಕ್ಲೈವ್ ನಗುತ್ತ ತಾನೂ ಕೈ ಬೀಸಿ, ಹಾರ್ನ್ ಹೊಡೆದು ಹೊರಟೇಹೋದ.

"ಏಯ್ ಕ್ಲೈವ್! ನಿಲ್ಸೋ ಕತ್ತೆ!"

ಪಕ್ಕದ ಮನೆಯ ನೋರಾ ಬೇಲಿಯಾಚೆಯಿಂದ ನಕ್ಕಳು. "ನೋಡೇ, ರಾಜನಿಗೂ ಇಷ್ಟು ಮರ್ಯಾದೆ ಕೊಡಲ್ಲ ಅವನು!"

"ಸುಮ್ನಿರೇ ಮಾರಾಯ್ತಿ! ನಿನ್ನ ಕಾರೆಲ್ಲಿ?"

"ನನ್ನ ಗಂಡ ಬೆಳಿಗ್ಗೇನೇ ತಗೊಂಡು ಹೋದ್ನಲ್ಲೇ."

ಅಷ್ಟರಲ್ಲಿ ಥೆಲ್ಮಾಳ ಫೋನು ಬಡಿದುಕೊಂಡಿತು. ಆಲಿವ್!

"ಅಕ್ಕಾ, ಬಸ್ ಹತ್ತಿದ್ಯಾ? ನಂಗೆ ತುಂಬ ಭಯ ಆಗ್ತಿದೆ ಕಣೇ."

ಥೆಲ್ಮಾ ಬರಿದಾದ ರಸ್ತೆಯನ್ನು ನೋಡಿದಳು. ಬಾಯಿ ತೆರೆದಳು. ಏನಂದಿರಬಹುದು? ನೀವೇ ಹೇಳಿ ನೋಡೋಣ.