ಹೊಟ್ಟೆ ಬಂದ ಇಟ್ಟಿಗೆ

ನನ್ನನ್ನು ಎಲ್ಲರೂ ‘ನೆಟ್ಟಗೆ ಮೇಸ್ತ್ರಿ’ ಎಂದು ಕರೆಯುತ್ತಾರೆ. ಕರೆಯಲಿ, ನನಗೇನೂ ಬೇಜಾರಿಲ್ಲ. ಮೂವತ್ತೊಂದು ವರ್ಷದಿಂದ ಇಟ್ಟಿಗೆಯ ಮೇಲೆ ಇಟ್ಟಿಗೆ ಇಡುತ್ತಿದ್ದೇನೆ. ನನ್ನ ಗೋಡೆಗೆ ತೂಗುಗುಂಡು ಬಿಟ್ಟು ನೋಡಿದವರೆಲ್ಲ ಬಾಯಿ ಮುಚ್ಚಿಕೊಂಡು ಹೋಗಿದ್ದಾರೆ. ಕೈಕೆಳಗಿನವರು ಒಂದು ನೂಲು ಆಚೀಚೆ ಇಟ್ಟರೂ ಮೂರು ಸಾಲು ಕೀಳಿಸುತ್ತೇನೆ. ಇನ್ನೊಂದು ಅಭ್ಯಾಸವೂ ಇದೆ: ಮುಗಿಯದ ಕೆಲಸವನ್ನು ಯಾರಿಗೂ ತೋರಿಸುವುದಿಲ್ಲ, ಒದ್ದೆ ಗೋಣಿ ಹೊದಿಸಿಬಿಡುತ್ತೇನೆ. ಮನೆ ಕಟ್ಟಿಸುವ ಯಜಮಾನರೇ ಬಂದು ಇಣುಕಿದರೂ ನಾಳೆ ಬನ್ನಿ ಅನ್ನುತ್ತೇನೆ. ಈ ಎರಡು ಗುಣ ಸೇರಿಕೊಂಡು ನನ್ನ ಮಗಳ ಕೆಲಸಕ್ಕೇ ಕಲ್ಲು ಹಾಕುವುದರಲ್ಲಿದ್ದವು.

ಮಗಳು ಚರಿತ್ರೆ ಓದಿದವಳು. ಟೀಚರ್ ಆಗಬೇಕೆಂಬುದೊಂದೇ ಅವಳ ಹಟ. ಮೂರು ಶಾಲೆಗಳಲ್ಲಿ ಮಾದರಿ ಪಾಠ ಮಾಡಿ ಬಂದಿದ್ದಳು. ಮೂರೂ ಕಡೆ ಕೆಲಸ ಬೇರೆಯವರ ಪಾಲಾಯಿತು. ಎರಡನೆಯ ಶಾಲೆಯವರು ಕಾರಣವನ್ನೂ ಹೇಳಿದರಂತೆ. ವಿಷಯವೇನೋ ಗೊತ್ತಿದೆ, ಆದರೆ ಮಕ್ಕಳು ಆಕಳಿಸುತ್ತಿದ್ದರು ಎಂದು. ಆಕಳಿಸದೆ ಏನು ಮಾಡಿಯಾರು? ಪಾಠವನ್ನು ಅಕ್ಷರ ಅಕ್ಷರ ಬಾಯಿಪಾಠ ಮಾಡಿ ಒಪ್ಪಿಸುತ್ತಾಳೆ, ಎಲ್ಲಿ ತಪ್ಪಿಬಿಡುತ್ತೇನೋ ಎಂಬ ಭಯ. ಈ ಭಯ ಎಲ್ಲಿಂದ ಬಂತು ಎಂದು ಹೆಂಡತಿಯನ್ನು ಕೇಳಿದರೆ ಅವಳು ಹೊಲಿಗೆ ಮಿಷನ್ ನಿಲ್ಲಿಸಿ ನನ್ನನ್ನೇ ನೋಡುತ್ತಾಳೆ.

ನಾಲ್ಕನೆಯ ಶಾಲೆ ನಮ್ಮ ಬೀದಿಯಿಂದ ಎರಡು ತಿರುವು ಆಚೆ. ಕೊಟ್ಟ ಪಾಠ, ಹಳೆಯ ನಾಗರಿಕತೆಗಳ ಹೋಲಿಕೆ. ಸಿಂಧೂ ಕಣಿವೆಯವರು, ಎರಡು ನದಿಗಳ ನಡುವಿನ ಮೆಸೊಪೊಟೇಮಿಯದವರು, ನೈಲ್ ನದಿಯ ದಡದ ಈಜಿಪ್ಟಿನವರು. ಇವರ ಬದುಕು ಎಲ್ಲಿ ಒಂದೇ, ಎಲ್ಲಿ ಬೇರೆ ಎಂದು ಮಕ್ಕಳಿಗೆ ತಿಳಿಸಬೇಕು. ಇದೂ ತಪ್ಪಿದರೆ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಿಸುವ ಕೆಲಸಕ್ಕೆ ಸೇರುತ್ತೇನೆ, ಇನ್ನು ಪುಸ್ತಕ ಮುಟ್ಟುವುದಿಲ್ಲ ಎಂದಳು. ಹೇಳಿದರೆ ಮಾಡುವವಳೇ.

ಮಾರನೆಯ ದಿನ ಒಂದು ದಪ್ಪ ಪುಸ್ತಕ ಹಿಡಿದು ನನ್ನ ಹತ್ತಿರ ಬಂದಳು. ಮೂರು ಕಡೆಯವರೂ ಇಟ್ಟಿಗೆಯಲ್ಲಿ ಕಟ್ಟಿದ್ದರಂತೆ, ಆದರೆ ಒಬ್ಬೊಬ್ಬರ ಇಟ್ಟಿಗೆ ಒಂದೊಂದು ಬಗೆ.

“ಅಪ್ಪ, ಹಲಗೆ ಮೇಲೆ ಮೂರು ಪುಟ್ಟ ಗೋಡೆ ಕಟ್ಟಿಕೊಡ್ತೀಯಾ? ಚಿತ್ರದಲ್ಲಿರೋ ಹಾಗೇ ಇರ್ಬೇಕು. ನೀನು ಸರಿ ಮಾಡೋಕೆ ಹೋಗ್ಬೇಡ.”

ಆಗಲಿ ಎಂದೆ. ಕೊನೆಯ ಮಾತು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಹಿತ್ತಲಲ್ಲಿ ಮಣ್ಣು ಕಲಸಿ, ಬೆರಳುದ್ದದ ಅಚ್ಚು ಮಾಡಿಕೊಂಡು ಮೊದಲು ಸಿಂಧೂ ಕಣಿವೆಯ ಗೋಡೆಗೆ ಕೈಹಾಕಿದೆ. ಏನು ಹೇಳಲಿ, ಮನಸ್ಸು ತುಂಬಿಬಂತು. ದಪ್ಪ ಒಂದಾದರೆ ಅಗಲ ಎರಡು, ಉದ್ದ ನಾಲ್ಕು. ನೂರಾರು ಮೈಲಿ ದೂರದ ಊರುಗಳಲ್ಲೂ ಅದೇ ಲೆಕ್ಕವಂತೆ. ಒಂದು ಸಾಲು ಉದ್ದಕ್ಕೆ, ಒಂದು ಸಾಲು ಅಡ್ಡಕ್ಕೆ, ಸಂದಿನ ಮೇಲೆ ಸಂದು ಬರುವ ಹಾಗಿಲ್ಲ. ಅಲ್ಲಿಯ ಮೇಸ್ತ್ರಿಯೂ ನನ್ನ ಹಾಗೆ ದಿನವಿಡೀ ಬೈಯುತ್ತಿದ್ದವನೇ ಇರಬೇಕು ಎಂದುಕೊಂಡೆ. ಆ ಇಟ್ಟಿಗೆಗಳನ್ನು ಪರಿಚಯದವರ ಗೂಡಿನಲ್ಲಿ ಸುಡಿಸಿ ಕಟ್ಟಿ ಮುಗಿಸಿದೆ.

ಎರಡನೆಯದು ಮೆಸೊಪೊಟೇಮಿಯ. ಚಿತ್ರ ನೋಡಿ ನೆತ್ತಿಗೇರಿತು. ಇಟ್ಟಿಗೆಯ ಕೆಳಗೆ ಚಪ್ಪಟೆ, ಮೇಲೆ ಬನ್ನಿನ ಹಾಗೆ ಹೊಟ್ಟೆ, ಹೊಟ್ಟೆಯ ನಡುವೆ ಹೆಬ್ಬೆರಳು ಒತ್ತಿದ ಗುಳಿ. ಆದರೂ ಮಾತು ಕೊಟ್ಟಿದ್ದೆನಲ್ಲ, ಐವತ್ತು ಇಟ್ಟಿಗೆ ಹಾಗೇ ಮಾಡಿ ಒಣಗಿಸಿದೆ. ಒಂದರ ಮೇಲೊಂದು ಇಟ್ಟರೆ ಜಾರಿತು. ಮಣ್ಣು ಜಾಸ್ತಿ ಹಾಕಿದರೆ ವಾಲಿತು. ಮೂರನೆಯ ಸಲ ಅಷ್ಟೂ ನನ್ನ ಕಾಲಮೇಲೇ ಬಿತ್ತು. ಮೆಸೊಪೊಟೇಮಿಯದವರ ಏಳು ತಲೆಮಾರನ್ನೂ ಬೈದೆ. ಕಿಟಕಿಯ ಪಕ್ಕ ಅಂಗಿ ಹೊಲಿಯುತ್ತಿದ್ದ ಹೆಂಡತಿ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಯಾರಿಗೋ ಹೇಳುವ ಹಾಗೆ ಹೇಳಿದಳು.

ಸಿಟ್ಟು ಬಂದರೆ ನನಗೆ ಕಣ್ಣು ಕಾಣಿಸುವುದಿಲ್ಲ. ಚಿತ್ರ ಬರೆದವನಿಗೇ ಇಟ್ಟಿಗೆಯ ಗಂಧಗಾಳಿ ಇಲ್ಲ ಎಂದು ತೀರ್ಮಾನಿಸಿ, ಹೊಟ್ಟೆ ಇಲ್ಲದ ಹೊಸ ಇಟ್ಟಿಗೆ ಹೊಯ್ದೆ. ಹಳೆಯವನ್ನು ಎಸೆಯಲು ಮನಸ್ಸಾಗದೆ ಸಾಮಾನಿನ ಚೀಲದ ತಳಕ್ಕೆ ಹಾಕಿದೆ. ಮೂರನೆಯ ಈಜಿಪ್ಟಿನ ಇಟ್ಟಿಗೆಗೆ ಮಣ್ಣಿನಲ್ಲಿ ಹುಲ್ಲು ಕಲಸಿ ಬಿಸಿಲಲ್ಲಿ ಒಣಗಿಸಬೇಕಂತೆ, ಸುಡುವಂತಿಲ್ಲವಂತೆ. ಮಾಡಿದೆ. ಹುಲ್ಲು ವಾರದ ಗಡ್ಡದ ಹಾಗೆ ಹೊರಗೆ ಚಾಚಿತ್ತು. ಇಂಥದ್ದನ್ನು ನಾಲ್ಕು ಜನ ಓದಿದವರ ಮುಂದೆ ಇಟ್ಟರೆ ಮಗಳ ಮರ್ಯಾದೆ ಏನಾಗಬೇಕು? ಉಜ್ಜಿ ನುಣುಪು ಮಾಡಿ, ಎರಡನೆಯ ಗೋಡೆಯ ಇಟ್ಟಿಗೆಗಳ ಜೊತೆ ಇವನ್ನೂ ಗೂಡಿಗೆ ಕಳಿಸಿ ಸುಡಿಸಿ, ಎರಡೂ ಗೋಡೆ ಕಟ್ಟಿ ಮುಗಿಸಿದೆ. ಮೂರು ಗೋಡೆಯನ್ನೂ ರಸಮಟ್ಟ ಇಟ್ಟು ನೋಡಿದೆ, ಗುಳ್ಳೆ ನಡುಮಧ್ಯದಲ್ಲಿ ನಿಂತಿತ್ತು. ಗೋಣಿ ಹೊದಿಸಿದೆ. ಮಗಳು ದಿನಕ್ಕೆರಡು ಸಲ ಬಂದು ತೋರಿಸು ಎಂದಳು. ಪಾಠದ ದಿನ ನೋಡುವೆಯಂತೆ, ಹೋಗಿ ಓದಿಕೋ ಎಂದು ಗದರಿದೆ.

ಪಾಠದ ದಿನ ಬೆಳಗ್ಗೆ ತಳ್ಳುಗಾಡಿಯಲ್ಲಿ ಮೂರು ಹಲಗೆಯನ್ನೂ ನಾನೇ ಸಾಗಿಸಿ ತರಗತಿಯ ಮೇಜಿನ ಮೇಲೆ ಜೋಡಿಸಿದೆ. ಅಲ್ಲೇನಾದರೂ ಚಕ್ಕೆ ಎದ್ದರೆ ಇರಲಿ ಎಂದು ಕರಣೆ, ಕಲಸಿದ ಮಣ್ಣಿನ ಡಬ್ಬಿ, ಸಾಮಾನಿನ ಚೀಲ ಎಲ್ಲ ಇಟ್ಟುಕೊಂಡು ಬಾಗಿಲ ಹತ್ತಿರ ನಿಂತೆ. ನಲವತ್ತು ಮಕ್ಕಳು. ಕೊನೆಯ ಬೆಂಚಿನಲ್ಲಿ ಮುಖ್ಯೋಪಾಧ್ಯಾಯಿನಿ, ಮೂಗಿನ ತುದಿಗೆ ಕನ್ನಡಕ, ಕೈಯಲ್ಲಿ ಪೆನ್ನು. ಮಗಳು ಬಾಯಿಪಾಠ ಶುರುಮಾಡಿದಳು. ಎರಡನೆಯ ಸಾಲಿನಲ್ಲಿ ಆಗಲೇ ಒಬ್ಬಳು ಆಕಳಿಸಿದಳು. ಇರಲಿ, ಗೋಣಿ ತೆಗೆದ ಮೇಲೆ ನೋಡು ಎಂದು ಒಳಗೊಳಗೇ ಮೀಸೆ ತಿರುವಿದೆ.

ಮಗಳು ಒಂದೊಂದಾಗಿ ಗೋಣಿ ಎತ್ತಿದಳು. ಮೂರು ಕೆಂಪು ಗೋಡೆ, ಒಂದೇ ಎತ್ತರ, ಒಂದೇ ಕಟ್ಟು, ಕಣ್ಣು ಹಾಯಿಸಿದರೆ ಜಾರುವಷ್ಟು ನುಣುಪು. ನನಗೆ ಹೆಮ್ಮೆಯಾಯಿತು. ಆಮೇಲೆ ಅವಳ ಮುಖ ನೋಡಿದೆ. ಬಿಳಿಚಿಕೊಂಡಿತ್ತು.

ಬಾಯಿಪಾಠದ ಮುಂದಿನ ಸಾಲು ತಾನಾಗಿಯೇ ಅವಳ ಬಾಯಿಂದ ಹೊರಬಿದ್ದಿತ್ತು. ಮಕ್ಕಳೇ, ಈ ಮೂರು ಗೋಡೆಗಳಲ್ಲಿ ಏನೇನು ವ್ಯತ್ಯಾಸ ಕಾಣುತ್ತದೆ?

ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿ ಎದ್ದುನಿಂತು ಮೂರನ್ನೂ ಸರಿಯಾಗಿ ನೋಡಿದಳು. “ಏನೂ ಇಲ್ಲ ಟೀಚರ್. ಮೂರನ್ನೂ ಒಬ್ರೇ ಕಟ್ಟಿದಾರೆ.”

ತರಗತಿಯೆಲ್ಲ ಗೊಳ್ಳೆಂದಿತು. ಹಿಂದಿನ ಬೆಂಚಿನಲ್ಲಿ ಪೆನ್ನು ಏನನ್ನೋ ಬರೆಯಿತು. ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ಅವಳ ಇಡೀ ಪಾಠ ನಿಂತಿದ್ದದ್ದೇ ಆ ವ್ಯತ್ಯಾಸದ ಮೇಲೆ, ಅದನ್ನು ನಾನು ಕೈಯಾರೆ ಉಜ್ಜಿ ಅಳಿಸಿದ್ದೆ. ನೆಲ ಬಾಯಿ ಬಿಟ್ಟಿದ್ದರೆ ಹೊಕ್ಕುಬಿಡುತ್ತಿದ್ದೆ.

ಮಗಳು ಕೈಯಲ್ಲಿದ್ದ ಪಾಠದ ಕಾಗದವನ್ನು ಮಡಚಿ ಮೇಜಿನ ಮೇಲಿಟ್ಟಳು.

“ಕಟ್ಟಿದವರು ಬಾಗಿಲ ಹತ್ರಾನೇ ನಿಂತಿದಾರೆ, ಅವರನ್ನೇ ಕೇಳೋಣ. ಮೇಸ್ತ್ರಿಗಳೇ, ಒಳಗೆ ಬನ್ನಿ.”

ಮನೆಯಲ್ಲಿ ನನ್ನನ್ನು ನೀನು ಅನ್ನುವ ಹುಡುಗಿ. ಆ ‘ಬನ್ನಿ’ಗೆ ನನ್ನ ಕಾಲು ತಾನಾಗಿಯೇ ನಡೆಯಿತು.

ಎರಡನೆಯದಕ್ಕೆ ಹೊಟ್ಟೆ ಬಂದ ಇಟ್ಟಿಗೆ ಮಾಡಲು ಹೇಳಿದ್ದೆನಲ್ಲ, ಯಾಕೆ ಮಾಡಲಿಲ್ಲ ಎಂದು ಎಲ್ಲರೆದುರೇ ಕೇಳಿದಳು. ತಪ್ಪು ನನ್ನದೇ ಆದರೂ ಇಟ್ಟಿಗೆಯ ಮಾತು ಬಂದರೆ ನನಗೆ ತಡೆಯಲಾಗುವುದಿಲ್ಲ.

“ಹೊಟ್ಟೆ ಇರೋ ಇಟ್ಟಿಗೆ ಕೂರಲ್ಲಮ್ಮ. ಕೂರದ ಇಟ್ಟಿಗೆಲಿ ಗೋಡೆ ಕಟ್ಟೋನು ಮೇಸ್ತ್ರಿನೇ ಅಲ್ಲ.”

“ಅವರು ನೂರಾರು ವರ್ಷ ಅದರಲ್ಲೇ ಕಟ್ಟಿದ್ರು. ಹಾಗಾದ್ರೆ ಹೇಗೆ ನಿಂತಿತ್ತು?”

ನಲವತ್ತು ತಲೆ ನನ್ನ ಕಡೆ ತಿರುಗಿತು. ರೋಷ ಬಂತು. ಚೀಲವನ್ನು ನೆಲಕ್ಕೆ ಸುರಿದೆ, ಐವತ್ತು ಇಟ್ಟಿಗೆಯೂ ಉರುಳಿದವು. ಮಕ್ಕಳು ಬೆಂಚು ಬಿಟ್ಟು ಸುತ್ತ ನೆರೆದರು. ಚಕ್ಕಳಮಕ್ಕಳ ಹಾಕಿ ಕೂತು, ಚೀಲದಲ್ಲಿದ್ದ ಹಲಗೆ ತುಂಡಿನ ಮೇಲೆ ಮಲಗಿಸಿ ಇಟ್ಟೆ, ಜಾರಿತು. ಮಕ್ಕಳು ಒಂದು ಎಂದು ಎಣಿಸಿದರು. ಮತ್ತೆ ಇಟ್ಟೆ, ಎರಡು ಎಂದರು. ಮೂರನೆಯ ಸಲ ಸಿಟ್ಟಿನಿಂದ ಒಂದು ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ಕುಕ್ಕಿದೆ. ಅದು ಓರೆಯಾಗಿ ನಿಂತಿತು. ಅದಕ್ಕೆ ಇನ್ನೊಂದನ್ನು ಒರಗಿಸಿದೆ, ಅದಕ್ಕೆ ಮತ್ತೊಂದನ್ನು. ಕಪಾಟಿನಲ್ಲಿ ಪುಸ್ತಕ ವಾಲಿಕೊಂಡಿರುತ್ತವಲ್ಲ, ಹಾಗೆ ಒಂದು ಸಾಲಾಯಿತು. ಮಣ್ಣು ಬಳಿದು, ಮೇಲಿನ ಸಾಲನ್ನು ಎದುರು ದಿಕ್ಕಿಗೆ ವಾಲಿಸಿದೆ. ಅಂಗೈ ಇಟ್ಟು ದೂಡಿದೆ. ಅಲುಗಲಿಲ್ಲ.

ಆಮೇಲೆ ಕೈ ನನ್ನ ಮಾತು ಕೇಳಲಿಲ್ಲ. ದಾರ ಬೇಡ, ಮಟ್ಟ ಬೇಡ, ತೂಗುಗುಂಡು ಬೇಡ. ಎತ್ತು, ಒರಗಿಸು, ಮಣ್ಣು ಬಳಿ, ಅಷ್ಟೇ. ಹೆಬ್ಬೆರಳಿನ ಗುಳಿಯಲ್ಲಿ ಮಣ್ಣು ಹೋಗಿ ಕಚ್ಚಿಕೊಳ್ಳುತ್ತಿತ್ತು. ಒಂದು ಸಾಲು ಎಡಕ್ಕೆ, ಒಂದು ಸಾಲು ಬಲಕ್ಕೆ, ಒಂದನ್ನೊಂದು ಹಿಡಿದುಕೊಂಡು ಏಳುತ್ತಿತ್ತು. ನಾನು ಎರಡು ದಿನ ತೆಗೆದುಕೊಂಡಿದ್ದ ಗೋಡೆ ಕಾಲು ಗಂಟೆಯಲ್ಲಿ ಮುಗಿಯಿತು. ನನಗೆ ಕಣ್ಣು ಒದ್ದೆಯಾಯಿತು, ಸುಳ್ಳು ಯಾಕೆ ಹೇಳಲಿ.

“ಇವನು ನನಗಿಂತ ಜಾಣ,” ಎಂದೆ.

ಯಾರು ಎಂದಳು ಮಗಳು.

“ಇದನ್ನ ಮೊದಲು ಕಟ್ಟಿದೋನು. ನಾನು ಹತ್ತು ದಿನ ಅವನನ್ನ ಬೈದೆ.”

ಅಲ್ಲಿಂದ ಪಾಠ ಹೊಳೆಯ ಹಾಗೆ ಹರಿಯಿತು. ಮಳೆಯೇ ಹೆಚ್ಚು ಬಾರದ ಈಜಿಪ್ಟಿನಲ್ಲಿ ಇಟ್ಟಿಗೆಯನ್ನು ಯಾಕೆ ಸುಡಬೇಕು, ಸುಡಲು ಸೌದೆ ಎಲ್ಲಿದೆ ಎಂದು ಮಗಳು ಕೇಳಿದಳು. ಹುಲ್ಲು ಯಾಕೆ ಎಂದು ಒಬ್ಬ ಕೇಳಿದ. ಒಣಗುವಾಗ ಮಣ್ಣು ಬಿರುಕು ಬಿಡದಿರಲಿ ಎಂದು ನಾನು ಹೇಳಿದೆ. ಊರೂರಿಗೂ ಒಂದೇ ಅಳತೆ ಇರಬೇಕಾದರೆ ಸಿಂಧೂ ಕಣಿವೆಯವರು ಮೊದಲು ಏನು ಮಾಡಿರಬೇಕು ಎಂದು ಅವಳು ಕೇಳಿದಾಗ, ಕೂತು ಮಾತಾಡಿ ಒಪ್ಪಿಕೊಂಡಿರಬೇಕು ಎಂದಳು ಎರಡು ಜಡೆಯ ಹುಡುಗಿ. ಮಗಳಿಗೆ ಗೊತ್ತಿಲ್ಲದ ಪ್ರಶ್ನೆಗಳೂ ಬಂದವು. ಗೊತ್ತಿಲ್ಲ, ಹುಡುಕೋಣ ಎಂದು ಅವಳು ನಗುತ್ತಲೇ ಹೇಳಿದಳು. ಗಂಟೆ ಹೊಡೆದರೂ ಒಬ್ಬರೂ ಏಳಲಿಲ್ಲ.

ಮುಖ್ಯೋಪಾಧ್ಯಾಯಿನಿ ಎದ್ದು ಬಂದು ವಾಲಿದ ಇಟ್ಟಿಗೆಯ ಗೋಡೆಯನ್ನು ಪೆನ್ನಿನಿಂದ ದೂಡಿ ನೋಡಿದರು. ಗೋಡೆ ಜಗ್ಗಲಿಲ್ಲ. ಕೆಸರಾಗಿದ್ದ ನೆಲವನ್ನೂ ಒಮ್ಮೆ ನೋಡಿದರು.

“ಒಂದನೇ ತಾರೀಖಿಂದ ಬನ್ನಿ, ಟೀಚರ್. ಈ ನೆಲ ಮಾತ್ರ ನಿಮ್ಮ ಮೇಸ್ತ್ರಿಗಳ ಕೈಲೇ ತೊಳೆಸಿ.”

ತೊಳೆದೆ. ಮೂಲೆ ಮೂಲೆಯೂ ತೊಳೆದೆ. ತಳ್ಳುಗಾಡಿ ತಳ್ಳಿಕೊಂಡು ಮನೆಗೆ ಬರುವಾಗ, ಹುಟ್ಟಿದಾಗಿನಿಂದ ಯಾರಿಗೂ ಹೇಳದ ಮಾತನ್ನು ಮಗಳಿಗೆ ಹೇಳಿದೆ, ತಪ್ಪಾಯಿತು ಎಂದು. ಅವಳು ಗಾಡಿಯ ಇನ್ನೊಂದು ಹಿಡಿ ಹಿಡಿದುಕೊಂಡಳು. ಬಾಯಿಪಾಠ ಮಾಡಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಹೇಳಲೇ ಇಲ್ಲ ಅಪ್ಪ ಎಂದು ದಾರಿಯುದ್ದಕ್ಕೂ ನಕ್ಕಳು.

ತಿಂಗಳಾದ ಮೇಲೆ ಶಾಲೆಯ ಮೆಟ್ಟಿಲು ಸಡಿಲವಾಗಿದೆ ಎಂದು ಕರೆದರು. ಹೋದಾಗ ಪಡಸಾಲೆಯ ಗಾಜಿನ ಕಪಾಟು ಕಣ್ಣಿಗೆ ಬಿತ್ತು. ಮೇಲಿನ ಅಂತಸ್ತಿನಲ್ಲಿ ಆ ವಾಲಿದ ಇಟ್ಟಿಗೆಯ ಗೋಡೆ, ಮುಂದೆ ಮೆಸೊಪೊಟೇಮಿಯ ಎಂಬ ಚೀಟಿ. ಕೆಳಗಿನ ಅಂತಸ್ತಿನಲ್ಲಿ ನನ್ನ ಮೂರು ಗೋಡೆ ಸಾಲಾಗಿ ನಿಂತಿದ್ದವು. ಮೂರಕ್ಕೂ ಸೇರಿಸಿ ಮಗಳ ಗುಂಡು ಅಕ್ಷರದಲ್ಲಿ ಒಂದೇ ಚೀಟಿ: ‘ನಾಲ್ಕನೆಯ ನಾಗರಿಕತೆ. ಕಟ್ಟಿದವರು ನಮ್ಮಪ್ಪ. ಇಲ್ಲಿ ಯಾರ ಗೋಡೆಯಾದರೂ ನೆಟ್ಟಗಿರಬೇಕು.’

ಎರಡು ಸಲ ಓದಿದೆ. ಮೂರನೆಯ ಸಲ ಓದುವಾಗ ಚೀಟಿ ಎರಡು ನೂಲಿನಷ್ಟು ಓರೆಯಾಗಿ ಅಂಟಿರುವುದು ಕಾಣಿಸಿತು. ಕಪಾಟಿಗೆ ಬೀಗ ಇರಲಿಲ್ಲ. ಬಾಗಿಲು ತೆಗೆದು ಚೀಟಿಯ ಮೂಲೆಗೆ ಉಗುರು ತಾಗಿಸಿದವನು, ಹಾಗೇ ಕೈ ಹಿಂದಕ್ಕೆ ತೆಗೆದುಕೊಂಡೆ. ಇರಲಿ ಬಿಡು ಎಂದುಕೊಂಡು ಕಪಾಟು ಮುಚ್ಚಿ ಮೆಟ್ಟಿಲ ಕೆಲಸಕ್ಕೆ ಹೋದೆ.