ನಲವತ್ತು ವ್ಯಾಟಿನ ಕುದುರೆ

ಆಯುಸ್ಸೆಲ್ಲ ನೀರಿನ ಪಂಪ್ ರಿಪೇರಿ ಮಾಡಿದ ಮನುಷ್ಯನಿಗೆ ಹೃದಯಾಘಾತವಾದರೆ ಮಾತ್ರೆ ನುಂಗಿಸಬಹುದು, ಉಪ್ಪು ಬಿಡಿಸಬಹುದು. ಅವನ ತಲೆಯೊಳಗಿನ ಎಚ್‌ಪಿಯನ್ನು, ಅಂದರೆ ಅಶ್ವಶಕ್ತಿಯನ್ನು, ಇಳಿಸುವುದು ಮಾತ್ರ ಯಾರಿಂದಲೂ ಆಗದ ಕೆಲಸ. ಇದು ಗೊತ್ತಾಗುವಷ್ಟರಲ್ಲಿ ಮಗಳಿಗೆ ಸಾಕೋಸಾಕಾಗಿತ್ತು.

ಡಾಕ್ಟರು ಬಿಡಿಸಿಯೇ ಹೇಳಿದ್ದರು. ದಿನಾ ಆಸ್ಪತ್ರೆಯ ವ್ಯಾಯಾಮದ ಕೋಣೆಗೆ ಬಂದು, ನಿಂತಲ್ಲೇ ನಿಂತಿರುವ ಆ ಸೈಕಲ್ ತುಳಿಯಬೇಕು. ತುಳಿತದ ಭಾರ ಏರಿಸಿ ಇಳಿಸುವ ತಿರುಗಣೆ ನಲವತ್ತು ವ್ಯಾಟ್ ದಾಟಬಾರದು. ತುಳಿಯದಿದ್ದರೆ ಹೃದಯ ಚೇತರಿಸಿಕೊಳ್ಳುವುದಿಲ್ಲ, ಮೀರಿ ತುಳಿದರೆ ಇನ್ನೊಂದು ಆಘಾತ ಖಂಡಿತ, ಅದನ್ನು ಈ ಜೀವ ತಡೆಯುವುದಿಲ್ಲ.

"ವ್ಯಾಟ್ ಎಲ್ಲ ಬಲ್ಬಿಗೆ ಕಣೇ. ನಾನೇನು ಬಲ್ಬಾ? ಎಚ್‌ಪಿಲಿ ಎಷ್ಟು ಹೇಳು," ಎಂದ ಅಪ್ಪ.

ಬಾಯಿ ಮುಚ್ಚಿಕೊಂಡಿರುವುದು ಬಿಟ್ಟು ಮಗಳು ಮೊಬೈಲ್ ತೆಗೆದು ಲೆಕ್ಕ ಹಾಕಿದಳು. "ಒಂದು ಎಚ್‌ಪಿಗೆ ಏಳ್ನೂರ ನಲವತ್ತಾರು ವ್ಯಾಟ್. ನಿಂದು ಹತ್ತೊಂಬತ್ತರಲ್ಲಿ ಒಂದು ಭಾಗ."

"ಹತ್ತೊಂಬತ್ತರಲ್ಲಿ ಒಂದು ಭಾಗ ಕುದುರೆ! ಅಷ್ಟರಲ್ಲಿ ಬಾಲಾನೂ ಬರಲ್ವಲ್ಲೇ!"

ಪಕ್ಕದ ಸೈಕಲಿನವರೆಲ್ಲ ನಕ್ಕರು. ಅವಳಿಗೆ ನಗು ಬರಲಿಲ್ಲ.

ಮರುದಿನ ಅವಳು ಮಾತ್ರೆ ತರಲು ಕೆಳಗೆ ಹೋಗಿದ್ದೇ ತಡ, ಅಪ್ಪ ತನ್ನ ಕೈಚಳಕ ತೋರಿಸಿದ್ದ. ಅವಳು ವಾಪಸು ಬಂದಾಗ ಅವನ ಅಂಗಿ ಒದ್ದೆ, ತುಟಿ ಬಿಳಚಿಕೊಂಡಿತ್ತು, ಕಾಲು ಮೇಲೇಳುತ್ತಿರಲಿಲ್ಲ. ತಿರುಗಣೆ ನೂರಾ ಎಂಬತ್ತಾರರಲ್ಲಿತ್ತು.

ಓಡಿಬಂದು ಸೈಕಲ್ ನಿಲ್ಲಿಸಿ ಅವನನ್ನು ತಬ್ಬಿ ಇಳಿಸಿದಳು.

"ಬರೀ ಕಾಲು ಎಚ್‌ಪಿ," ಎಂದ ಏದುಸಿರಿನಲ್ಲಿ. "ಮನೆ ಟ್ಯಾಂಕಿಗೆ ನೀರೇರಿಸೋ ಪಂಪೇ ಅರ್ಧ ಇರತ್ತೆ."

"ನಿನ್ನ ಎಚ್‌ಪಿಗೆ ಬೆಂಕಿ ಹಾಕ! ಸಾಯ್ಬೇಕು ಅಂತಿದ್ರೆ ನೇರ ಹೇಳು. ನನಗಿರೋನು ನೀನೊಬ್ಬ ಕಣಪ್ಪ!" ಎಲ್ಲರೆದುರೇ ಅತ್ತುಬಿಟ್ಟಳು.

ವ್ಯಾಯಾಮ ಕಲಿಸುವ ಮೇಡಂ ಬಿಪಿ ನೋಡಿ, ಡಾಕ್ಟರನ್ನು ಕರೆಸಿ ಇಸಿಜಿ ಮಾಡಿಸಿದರು. ಬಚಾವಾಗಿದ್ದ. ಆದರೂ ಮಂಚದ ಮೇಲೆ ಮಲಗಿಕೊಂಡೇ ಮುಖ ಆಚೆ ತಿರುಗಿಸಿ, "ಈ ಆಟದ ಸಾಮಾನು ನನಗೆ ಬೇಡ. ನಾಳೆಯಿಂದ ಬರಲ್ಲ," ಎಂದ.

ಮಗಳ ತಾಳ್ಮೆ ಅಲ್ಲಿಗೆ ಮುಗಿಯಿತು. "ಮೇಡಂ, ಇವನ ಹೃದಯ ಎಷ್ಟು ವ್ಯಾಟ್ ಅಂತ ಹೇಳಿಬಿಡಿ. ಕೇಳಿಸ್ಕೊಳ್ಳಲಿ!"

ಮೇಡಂ ಗಾಬರಿಯಾಗಿ ಯೋಚಿಸಿದರು. "ಸುಮ್ನೆ ಕೂತಿದ್ದಾಗ... ಯಾರದ್ದಾದ್ರೂ ಒಂದೂಕಾಲು ವ್ಯಾಟ್ ಇರ್ಬಹುದು."

ಅಪ್ಪ ಕಣ್ಣು ಮುಚ್ಚಿದ. ತುಟಿ ಅಲುಗತೊಡಗಿತು. ಇನ್ನೇನು ಕುಹಕ ಬರುತ್ತದೋ ಎಂದು ಅವಳು ಸೆರಗು ಬಿಗಿದು ನಿಂತಳು.

"ಒಂದು ಎಚ್‌ಪಿಲಿ ಆರುನೂರರಲ್ಲಿ ಒಂದು ಭಾಗ," ಎಂದ ಮೆಲ್ಲಗೆ. "ಅಷ್ಟು ಸಣ್ಣ ಮೋಟಾರು, ನಾನು ಹುಟ್ಟಿದಾಗಿಂದ ಒಂದ್ಸಲಾನೂ ಆಫ್ ಆಗಿಲ್ವಾ?"

"ಆಗಿದ್ರೆ ನೀನಿರ್ತಿದ್ಯಾ?"

ಅವನು ಎದೆಯ ಮೇಲೆ ಅಂಗೈ ಇಟ್ಟುಕೊಂಡ. ರಿಪೇರಿ ಅಂಗಡಿಗೆ ಸುಟ್ಟ ಮೋಟಾರು ತಂದವರನ್ನು ಇವನು ಬೈಯುತ್ತಿದ್ದ ಬೈಗುಳಕ್ಕೆ ಬೀದಿಯೇ ಕಿವಿ ಮುಚ್ಚಿಕೊಳ್ಳುತ್ತಿತ್ತು. ಆ ದಿನ ಅಂಗೈಯಡಿಯ ಮೋಟಾರಿನ ಬಡಿತ ಎಣಿಸುತ್ತ ಮಲಗಿದ.

ಎರಡು ದಿನ ಡಾಕ್ಟರು ಸೈಕಲ್ ಮುಟ್ಟಗೊಡಲಿಲ್ಲ. ಮೂರನೆಯ ದಿನ ಅವಳು ಗೋಗರೆಯಲು ಸಿದ್ಧಳಾಗಿ ಬಂದರೆ, ಅಪ್ಪ ಆಗಲೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿದ್ದ. ಕೋಣೆಗೆ ಹೋದವನೇ ಸೈಕಲ್ ಹತ್ತಿ ತಿರುಗಣೆಯನ್ನು ಇಪ್ಪತ್ತಕ್ಕೆ ತಂದ.

"ನಲವತ್ತರವರೆಗೂ ತುಳೀಬಹುದು ಅಂದಿದಾರಪ್ಪ."

"ಗೊತ್ತು, ಸುಮ್ನಿರೇ. ಪಾಪ, ಅದು ತುಂಬಾ ದಣಿದಿದೆ."