ಸೋಮವಾರದ ಅರ್ಧ ಗಂಟೆ

ನನ್ನ ತಂಗಿ ಧ್ಯಾನ ಮಾಡುತ್ತಾಳೆ ಎಂದು ನಾನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಎದುರಿನ ಬೀಗ ರಿಪೇರಿಯವನಿಗೆ, ಸೋಪಿನ ಪುಡಿ ತಂದು ಹಾಕುವವನಿಗೆ, ಬಟ್ಟೆ ಗಂಟು ಇಳಿಸಲು ಬರುವ ಹೋಟೆಲಿನವರಿಗೆ, ಎಲ್ಲರಿಗೂ. ವಾರಕ್ಕೆ ಒಂದೇ ಸಲ, ಸೋಮವಾರ, ಎದ್ದ ತಕ್ಷಣ ದೊಡ್ಡ ಲೋಟದ ತುಂಬ ನೀರು ಕುಡಿದು, ಅಂಗಳದ ಕಡೆಯ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ ಅರ್ಧ ಗಂಟೆ ಕೂರುತ್ತಿದ್ದಳು. ಮಾತಿಲ್ಲ, ಕಾಫಿಯಿಲ್ಲ. ಬಾಯಿ ಸುಮ್ಮನಿರುವುದಿಲ್ಲ ಎಂದು ಚಿಕ್ಕಂದಿನಲ್ಲೇ ಗುಬ್ಬಿ ಎಂದು ಹೆಸರು ಪಡೆದವಳು ಹಾಗೆ ಕೂತಿದ್ದನ್ನು ನೋಡಿ ನನಗೆ ಹೆಮ್ಮೆಯಾಗುತ್ತಿತ್ತು. ನಮ್ಮನೆ ಸನ್ಯಾಸಿನಿ ಎಂದು ರೇಗಿಸುತ್ತಿದ್ದೆ. ರೇಗಿಸಿದರೂ ಬಾಗಿಲನ್ನು ಸದ್ದಾಗದ ಹಾಗೆ ಮುಚ್ಚಿಕೊಂಡು ಹೋಗುತ್ತಿದ್ದೆ.

ನಮ್ಮದು ಲಾಂಡ್ರಿ. ಮುಂದೆ ಕೌಂಟರ್, ಹಿಂದೆ ಎರಡು ದೊಡ್ಡ ಮೆಷಿನ್, ಅದರಾಚೆ ಬಟ್ಟೆ ಒಣಹಾಕುವ ಅಂಗಳ, ಪಕ್ಕದಲ್ಲಿ ನಾವಿಬ್ಬರು ಇರುವ ಎರಡು ಕೋಣೆ. ನಾನು ಮದುವೆಯ ಗೋಜಿಗೆ ಹೋಗಲಿಲ್ಲ, ಅವಳ ಗಂಡ ಬೇಗ ಹೋಗಿಬಿಟ್ಟ. ಇಬ್ಬರೂ ಅರವತ್ತು ದಾಟಿದವರು. ಹೋಟೆಲುಗಳ ಹಾಸಿಗೆ ಬಟ್ಟೆ, ದಿಂಬಿನ ಚೀಲ, ಟವೆಲ್ಲು, ಇವೇ ನಮ್ಮ ಜೀವನ. ಭಾನುವಾರ ಕೋಣೆಗಳು ಖಾಲಿಯಾಗುವುದರಿಂದ ಸೋಮವಾರ ಬೆಳಿಗ್ಗೆ ಗಂಟುಗಳು ಬಾಗಿಲವರೆಗೂ ಪೇರಿಸಿರುತ್ತವೆ. ಮನಶ್ಶಾಂತಿಗೆ ಇವಳಿಗೆ ಸೋಮವಾರವೇ ಸಿಕ್ಕಿತಾ ಎಂದು ಒಮ್ಮೆ ನಗುತ್ತಾ ಕೇಳಿದ್ದೆ. ಕಷ್ಟದ ದಿನವೇ ಶಾಂತಿ ಬೇಕಾಗುವುದು ಎಂದಿದ್ದಳು. ಎಷ್ಟು ಚೆನ್ನಾಗಿ ಹೇಳಿದಳಲ್ಲ ಅನಿಸಿ ಆ ಮಾತನ್ನೂ ಬೀಗದವನಿಗೆ ಹೇಳಿ ಬಂದಿದ್ದೆ. ನನ್ನ ಕಿವಿಯ ಮೇಲೆ ಹೂವಿಟ್ಟು, ಅದನ್ನು ಬೀದಿಯಲ್ಲಿ ನಾನೇ ಮೆರೆಸುವ ಹಾಗೆ ಮಾಡಿದ್ದಳು.

ಇದೆಲ್ಲ ಶುರುವಾದದ್ದು ಅವಳ ಮಣಿಕಟ್ಟು ಮುರಿದ ವರ್ಷ. ಬಚ್ಚಲಲ್ಲಿ ಕಾಲು ಜಾರಿ, ನೆಲಕ್ಕೆ ಕೈ ಊರಿದಳು, ಮುರಿಯಿತು. ಪ್ಲಾಸ್ಟರ್ ಬಿಚ್ಚುವವರೆಗೂ ತಲೆ ಬಾಚಿದ್ದು, ಹುಕ್ಕು ಹಾಕಿದ್ದು, ತುತ್ತು ಮಾಡಿ ತಿನ್ನಿಸಿದ್ದು ನಾನು. ಆಸ್ಪತ್ರೆಗೆ ಮಾತ್ರ ಅವಳೊಬ್ಬಳೇ ಹೋಗಿ ಬರುತ್ತಿದ್ದಳು, ಅಂಗಡಿ ಬಿಟ್ಟು ಇಬ್ಬರೂ ಹೋಗುವ ಹಾಗಿರಲಿಲ್ಲ. ಕೈ ವಾಸಿಯಾದ ಮೇಲೆ ಬೆನ್ನು ಹಿಡಿದುಕೊಂಡಿದೆ, ಬಗ್ಗಿ ಎತ್ತಲು ಆಗುವುದಿಲ್ಲ ಎಂದಳು. ಸರಿ, ಕೌಂಟರು, ಫೋನು, ಇಸ್ತ್ರಿ ಅವಳಿಗೆ. ಎತ್ತುವುದು, ಹೊರುವುದು, ಹರವುವುದು ನನಗೆ. ನನ್ನ ಮೈ ಗಟ್ಟಿ ಎಂಬ ಜಂಬ ಬೇರೆ ಇತ್ತು. ಅಮ್ಮ ನನ್ನನ್ನು ಕಬ್ಬಿಣದ ಹುಡುಗಿ ಎಂದೇ ಕರೆಯುತ್ತಿದ್ದಳು.

ಒದ್ದೆ ಬಟ್ಟೆ ಒಯ್ಯಲು ನಮ್ಮಲ್ಲಿ ಟ್ರಾಲಿ ಇದೆ. ಅದರ ಒಂದು ಚಕ್ರ ಕಿರುಗುಡುತ್ತದೆ. ಎಷ್ಟು ಎಣ್ಣೆ ಬಿಟ್ಟರೂ ಎರಡು ದಿನಕ್ಕೆ ಮತ್ತೆ ಅದೇ ರಾಗ. ಕಿಟಕಿಯ ಕೆಳಗೇ ಹಾದುಹೋಗಬೇಕಾದ್ದರಿಂದ ಸೋಮವಾರದ ಆ ಅರ್ಧ ಗಂಟೆ ನಾನು ಟ್ರಾಲಿ ಮುಟ್ಟುತ್ತಿರಲಿಲ್ಲ. ಹಿಂಡಿದ ಹಾಸಿಗೆ ಬಟ್ಟೆಗಳನ್ನು ಟಬ್ಬಿಗೆ ತುಂಬಿ, ಟಬ್ಬನ್ನು ಸೊಂಟಕ್ಕೆ ಆನಿಸಿಕೊಂಡು, ಚಪ್ಪಲಿಯನ್ನೂ ಬಿಟ್ಟು ಬರಿಗಾಲಲ್ಲಿ ನಡೆಯುತ್ತಿದ್ದೆ. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ. ತಂಗಿಗೆ ವಾರಕ್ಕೊಮ್ಮೆ ಸಿಗುವ ನೆಮ್ಮದಿಗೆ ನಾನು ಕಲ್ಲು ಹಾಕಬಾರದು ಅಂದುಕೊಂಡಿದ್ದೆ.

ಬಿದ್ದದ್ದೂ ಹಾಗೆಯೇ. ಟಬ್ಬು ಹಿಡಿದು ಅಂಗಳದ ಹೊಸಿಲು ದಾಟುವಾಗ ಹೆಬ್ಬೆರಳು ತಗುಲಿತು, ಪಕ್ಕಕ್ಕೆ ವಾಲಿ ನೆಲಕ್ಕೆ ಕುಸಿದೆ. ಬಿದ್ದೆ ಎನ್ನುವುದಕ್ಕಿಂತ ಕೂತೆ ಎನ್ನಬೇಕು, ಅಷ್ಟೇ ಎತ್ತರ. ಏಳಲು ಹೋದರೆ ಎಡಗಾಲು ನನ್ನದೇ ಅಲ್ಲ ಎನ್ನುವಂತೆ ಹೊರಳಿಕೊಂಡಿತ್ತು. ಜೀವ ಬಾಯಿಗೆ ಬಂತು. ಆದರೂ ನಾನು ಕೂಗಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಅವಳ ಧ್ಯಾನ ಮುಗಿಯುತ್ತದೆ, ಕಾಫಿಗೆಂದು ಎದ್ದೇ ಏಳುತ್ತಾಳೆ ಎಂದು ಒಂದು ಹಸಿ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಬಿದ್ದಿದ್ದೆ.

ಸೊಂಟದ ಹತ್ತಿರ ತೊಡೆಯ ಮೂಳೆ ಮುರಿದಿತ್ತು. ರಾಡು ಹಾಕಿ ಕೂಡಿಸಿದರು. ಮೂಳೆ ಡಾಕ್ಟರು ನಮ್ಮ ಅರ್ಧ ವಯಸ್ಸಿನ ಹೆಣ್ಣುಮಗಳು, ಮಂಚದ ಅಂಚಿನಲ್ಲೇ ಕೂತು ನಿಧಾನವಾಗಿ ವಿವರಿಸಿದಳು. ಇಷ್ಟು ಕಡಿಮೆ ಎತ್ತರದಿಂದ ಬಿದ್ದರೆ ಗಟ್ಟಿ ಮೂಳೆ ಮುರಿಯುವುದಿಲ್ಲವಂತೆ. ಮುಟ್ಟು ನಿಂತ ಮೇಲೆ ಎಷ್ಟೋ ಹೆಂಗಸರ ಮೂಳೆ ಒಳಗೊಳಗೇ ಟೊಳ್ಳಾಗುತ್ತಾ ಹೋಗುತ್ತದಂತೆ, ನೋವಿಲ್ಲ, ಸುಳಿವಿಲ್ಲ, ಮುರಿದಾಗಲೇ ಗೊತ್ತಾಗುವುದು. ತಾಯಿಗೆ ಹೀಗೇನಾದರೂ ಆಗಿತ್ತೇ ಎಂದು ಕೇಳಿದಳು. ಆಗಿತ್ತು. ಅಮ್ಮ ಕೋಣೆಯಲ್ಲೇ ಎಡವಿ ಬಿದ್ದು ಸೊಂಟ ಮುರಿದುಕೊಂಡವಳು ಮತ್ತೆ ಹಾಸಿಗೆಯಿಂದ ಏಳಲೇ ಇಲ್ಲ. ಹಾಗಿದ್ದರೆ ನೀವು ಮೊದಲೇ ಪರೀಕ್ಷೆ ಮಾಡಿಸಿಕೊಳ್ಳಬೇಕಿತ್ತಮ್ಮ, ಮಾತ್ರೆ ಇದೆ, ಭಾರ ಎತ್ತುವುದನ್ನಾದರೂ ಬಿಡಬಹುದಿತ್ತು ಎಂದಳು. ನಮಗೆ ಯಾರೂ ಹೇಳಲಿಲ್ಲ ಎಂದೆ. ನಮಗೆ ಎಂದೇ ಅಂದೆ. ಗುಬ್ಬಿ ಕಾಲ ಬಳಿ ನಿಂತು ನನ್ನ ಹೊದಿಕೆ ಮಡಿಸುತ್ತಿದ್ದಳು, ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸುತ್ತಿದ್ದಳು. ಡಾಕ್ಟರು ಹೋದ ಮೇಲೆ, ಬಿದ್ದಾಗ ನನ್ನನ್ನು ಯಾಕೆ ಕೂಗಲಿಲ್ಲ ಎಂದು ಎರಡು ಸಲ ಕೇಳಿದಳು. ಆಗ ನನಗೆ ನಾಚಿಕೆಯಾಗಿ ಮಾತು ಹಾರಿಸಿದೆ.

ಮನೆಗೆ ಹೊರಡುವ ದಿನ ಅವಳು ಗಾಡಿ ಕರೆಯಲು ಹೋಗಿದ್ದಾಗ ನರ್ಸ್ ಬಂದು ಮೂಳೆಯ ಮಾತ್ರೆ ಕೈಗಿಟ್ಟಳು. ವಾರಕ್ಕೆ ಒಂದೇ ಮಾತ್ರೆ, ಪ್ರತಿ ವಾರವೂ ಅದೇ ದಿನ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ದೊಡ್ಡ ಲೋಟದ ತುಂಬ ಬರೀ ನೀರಿನ ಜೊತೆ. ಆಮೇಲೆ ಅರ್ಧ ಗಂಟೆ ಕಾಫಿ, ತಿಂಡಿ ಏನೂ ಇಲ್ಲ, ಮಲಗುವ ಹಾಗೂ ಇಲ್ಲ, ಇಲ್ಲದಿದ್ದರೆ ಮಾತ್ರೆ ಗಂಟಲ ಹಾದಿಯಲ್ಲಿ ನಿಂತು ಸುಡುತ್ತದೆ. ಅವಳು ಹೇಳುತ್ತಾ ಹೋದ ಹಾಗೆ ನನಗೆ ಕಿಟಕಿಯ ಪಕ್ಕದ ಕುರ್ಚಿ ಕಾಣಿಸತೊಡಗಿತು, ಲೋಟ ಕಾಣಿಸಿತು, ನೆಟ್ಟಗಿನ ಬೆನ್ನು ಕಾಣಿಸಿತು.

"ಮಾತಾಡಬಹುದಾ ಆಗ?" ಎಂದು ಕೇಳಿದೆ.

ನರ್ಸ್ ನಕ್ಕಳು. "ಮಾತಾಡಿ, ಓಡಾಡಿ, ಏನ್ ಬೇಕಾದ್ರೂ ಮಾಡಿ. ಮಲಗಬೇಡಿ ಅಷ್ಟೇ."

ಮನೆಗೆ ಬಂದಾಗ ಅಂಗಳದಲ್ಲಿ ಒಬ್ಬ ಗಟ್ಟಿಮುಟ್ಟಾದ ಹೆಂಗಸು ಹಾಸಿಗೆ ಬಟ್ಟೆ ಹರವುತ್ತಿದ್ದಳು. ನಾನು ಬಿದ್ದ ವಾರವೇ ಗುಬ್ಬಿ ಅವಳನ್ನು ಎತ್ತುವ ಕೆಲಸಕ್ಕೆ ಗೊತ್ತು ಮಾಡಿದ್ದಳಂತೆ. ಅಷ್ಟು ಸುಲಭವಿತ್ತು. ನನ್ನನ್ನು ಹಾಸಿಗೆಯ ಮೇಲೆ ಕೂರಿಸಿ ದಿಂಬು ಸರಿಮಾಡುತ್ತಿದ್ದವಳ ಕೈ ಹಿಡಿದುಕೊಂಡೆ.

"ಗುಬ್ಬಿ, ನಿನ್ನ ಧ್ಯಾನದ ಮಾತ್ರೆ ಎಲ್ಲಿಟ್ಟಿದೀಯ?"

ಅವಳು ಕೌಂಟರಿಗೆ ಹೋಗಿ, ಬಟ್ಟೆಯಿಂದ ಉದುರಿದ ಗುಂಡಿಗಳನ್ನು ಹಾಕಿಡುವ ಡಬ್ಬಿ ತಂದು ನನ್ನ ಮಡಿಲಲ್ಲಿಟ್ಟಳು. ಗುಂಡಿಗಳ ಕೆಳಗೆ ಇತ್ತು, ನರ್ಸ್ ಕೊಟ್ಟಂಥದ್ದೇ ಮಾತ್ರೆ.

ಕೈ ಮುರಿದಾಗಲೇ ಅವಳಿಗೆ ಪರೀಕ್ಷೆ ಮಾಡಿದ್ದರಂತೆ. ಅಮ್ಮನ ವಿಷಯ ಅವಳೇ ಹೇಳಿದ್ದಳಂತೆ. ಅಕ್ಕ ಇದ್ದಾರಲ್ಲ, ಅವರಿಗೂ ಮಾಡಿಸಿ ಎಂದು ಅಲ್ಲಿಯ ಡಾಕ್ಟರು ಒಂದು ಸಲವಲ್ಲ, ಇವಳು ಹೋದಾಗಲೆಲ್ಲ ಹೇಳಿದ್ದರಂತೆ. ಹೇಳೋಣ ಅಂತಲೇ ಇದ್ದೆ ಎಂದಳು. ನೀನು ಹೆದರಿಕೊಳ್ಳುತ್ತೀಯ ಎಂದು ಸುಮ್ಮನಾದೆ ಎಂದಳು. ನೀನು ಆಸ್ಪತ್ರೆ ಅಂದರೆ ಬರುವವಳಲ್ಲ ಎಂದಳು. ಒಂದರ ಹಿಂದೆ ಒಂದು ಸಬೂಬು ಮಡಿಸಿ ಜೋಡಿಸುತ್ತಿದ್ದಳು. ನಾನು ಡಬ್ಬಿಯ ಮುಚ್ಚಳ ಹಾಕಿ, ನಿಜ ಹೇಳು ಎಂದೆ.

ಆಗ ಅವಳ ದನಿ ಇಳಿಯಿತು. "ನನಗೆ ಭಾರ ಎತ್ತಬೇಡಿ ಅಂದ್ರು ಅಕ್ಕಾ. ನಿನಗೂ ಹಾಗೇ ಅಂದ್ಬಿಟ್ರೆ? ಇಬ್ಬರೂ ಕೂತ್ರೆ ಎತ್ತೋರು ಯಾರು?"

ಒಡಹುಟ್ಟಿದವಳು ಹೀಗೆ ಎರಡು ಬಗೆಯುತ್ತಾಳೆ ಎಂದು ನಾನು ಕನಸಲ್ಲೂ ಎಣಿಸಿರಲಿಲ್ಲ. ಅಮ್ಮ ಹಾಸಿಗೆಯಲ್ಲಿ ಸವೆದು ಹೋದದ್ದನ್ನು ನಾವಿಬ್ಬರೂ ಒಟ್ಟಿಗೆ ನೋಡಿದ್ದೆವು, ಒಟ್ಟಿಗೆ ಮಗ್ಗುಲು ತಿರುಗಿಸಿದ್ದೆವು. ಅದು ನನಗೂ ಬರಬಹುದೆಂದು ಗೊತ್ತಿದ್ದೂ, ಇವಳು ಕುರ್ಚಿಯಲ್ಲಿ ಕೂತು ತನ್ನ ಮೂಳೆ ಕಾಪಾಡಿಕೊಳ್ಳುತ್ತಾ, ಆ ಕಿಟಕಿಯಾಚೆಯೇ ನನ್ನನ್ನು ಭಾರ ಹೊರಲು ಬಿಟ್ಟಿದ್ದಳು. ಹೋಟೆಲು ಬಟ್ಟೆ ಬಿಟ್ಟು ಬರೀ ಶರ್ಟು ಪ್ಯಾಂಟು ಹಿಡಿದಿದ್ದರೂ ನಮ್ಮ ಎರಡು ಹೊಟ್ಟೆ ನಡೆಯುತ್ತಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು.

ಕೋಪ ಬಂದರೆ ಎದ್ದು ಹೋಗುವುದು ನನ್ನ ಚಾಳಿ. ಈಗ ಅದಕ್ಕೂ ಅವಳೇ ಬೇಕು. ಇನ್ನೊಂದು ಕಡೆಯೂ ಮುರಿಯುವ ಸಂಭವ ಹೆಚ್ಚು, ಆಧಾರವಿಲ್ಲದೆ ಒಂದು ಹೆಜ್ಜೆಯೂ ಇಡಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದಳು. ಬಚ್ಚಲಿಗೆ ಹೋಗಬೇಕಾದಾಗಲೆಲ್ಲ ವಾಕರಿನ ಜೊತೆ ಗುಬ್ಬಿಯ ಹೆಗಲನ್ನೂ ಹಿಡಿದು ಹೋದೆ. ನನ್ನ ಭಾರವನ್ನೆಲ್ಲ ಇವಳ ಮೇಲೆ ಬಿಟ್ಟು ನಡೆಯಬೇಕಲ್ಲ ಎಂಬುದೇ ಸೊಂಟಕ್ಕಿಂತ ಹೆಚ್ಚು ನೋಯುತ್ತಿತ್ತು.

ಸೋಮವಾರ ಬಂತು. ಎರಡು ಲೋಟದಲ್ಲಿ ನೀರು ತಂದಳು. ನನ್ನನ್ನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ತಾನೊಂದು ಸ್ಟೂಲು ಎಳೆದುಕೊಂಡಳು. ಇಬ್ಬರೂ ಮಾತ್ರೆ ನುಂಗಿದೆವು. ಅಭ್ಯಾಸಬಲ, ಅವಳ ಬೆನ್ನು ನೆಟ್ಟಗಾಯಿತು, ಕಣ್ಣು ಮುಚ್ಚಿಕೊಂಡವು. ಆಚೆ ಮೆಷಿನ್ ಹಿಂಡಿ ಮುಗಿಸಿ ನಿಂತ ಸದ್ದು ಕೇಳಿತು.

"ಏಳು" ಎಂದೆ. "ಮಲಗಬಾರದು ಅಷ್ಟೇ. ಟ್ರಾಲಿ ತಳ್ಳಬಹುದು."

ಕೆಲಸದವಳು ಬರಲಿ ಎಂದು ಏನೋ ಹೇಳಹೊರಟವಳು ನನ್ನ ಮುಖ ನೋಡಿ ಎದ್ದಳು. ಬಟ್ಟೆಗಳನ್ನು ಒಂದೊಂದಾಗಿ ಎಳೆದು ಟ್ರಾಲಿಗೆ ಹಾಕಿದಳು. ಚಕ್ರ ಕಿರುಗುಡುತ್ತಾ ಕಿಟಕಿಯ ಕಡೆಗೆ ಬಂತು. ಆ ಹೊತ್ತಿನಲ್ಲಿ ಆ ಸದ್ದು ನಮ್ಮ ಮನೆಯಲ್ಲಿ ಕೇಳಿದ್ದು ಇದೇ ಮೊದಲು. ಹೊಸಿಲ ಹತ್ತಿರ, ನಾನು ಬಿದ್ದ ಜಾಗದಲ್ಲಿ, ನಿಲ್ಲಿಸಿದಳು. ಎಣ್ಣೆ ಡಬ್ಬಿಗಾಗಿ ಅತ್ತಿತ್ತ ನೋಡಿದಳು, ನಾನು ಬೇಡ ಎಂದು ತಲೆಯಾಡಿಸಿದೆ.

"ಅವತ್ತು ಇಷ್ಟು ಹತ್ರದಲ್ಲಿದ್ದೆ ನಾನು" ಎಂದಳು. "ಯಾಕಕ್ಕಾ ಕೂಗಲಿಲ್ಲ? ಟ್ರಾಲಿನೂ ತಗೊಂಡಿರಲಿಲ್ಲ."

"ನೀನು ಧ್ಯಾನದಲ್ಲಿದ್ದೆಯಲ್ಲೇ" ಎಂದೆ.

ಅವಳು ಕಿಟಕಿಯನ್ನು ನೋಡಿದಳು, ಟ್ರಾಲಿಯ ಚಕ್ರವನ್ನು ನೋಡಿದಳು, ಗೋಡೆಗೆ ಒರಗಿಸಿಟ್ಟಿದ್ದ ಟಬ್ಬನ್ನು ನೋಡಿದಳು. ಹೊಸಿಲ ಮೇಲೆಯೇ ಕೂರಲು ಹೋದಳು.

"ಕೂರಬೇಡ" ಎಂದೆ. "ಬಟ್ಟೆ ಹಾಗೇ ಇದೆ."